ಮಾಮೂಲಿ ಕ್ಲೌಡ್‌ನಲ್ಲಿರುವ ಅನಲಿಟಿಕ್ಸ್ ಪ್ಲಾಟ್‌ಫಾರ್ಮ್ ಗವ್‌ಕ್ಲೌಡ್‌ಗೆ (ಅಮೆರಿಕದ ಸರ್ಕಾರಿ ಕೆಲಸಕ್ಕೆ ಅಮೆಜಾನ್ ಇಟ್ಟಿರುವ ಪ್ರತ್ಯೇಕ ಕ್ಲೌಡ್), ಆಮೇಲೆ ಇಂಟರ್‌ನೆಟ್ಟೇ ಇಲ್ಲದ ಕಡೆಗೆ. ಯಾರಾದರೂ ಮಾಡಿದ್ದೀರಾ?

ಲಾಗ್‌ಹುಡುಕ:
ನಮ್ಮದು ಡೇಟಾ ಅನಲಿಟಿಕ್ಸ್ ಪ್ರಾಡಕ್ಟ್. ಕುಬರ್ನೆಟೀಸ್ (ಕಂಟೇನರ್‌ಗಳನ್ನು ಓಡಿಸುವ ವ್ಯವಸ್ಥೆ) ಮೇಲೆ ಡೇಟಾ ಸಂಸ್ಕರಿಸುವ ಸ್ಪಾರ್ಕ್, ಡೇಟಾ ಸಾಗಿಸುವ ಕಾಫ್ಕಾ, ಡೇಟಾ ಎಲ್ಲ ಅಮೆಜಾನ್ ಸಂಗ್ರಹವಾದ ಎಸ್3ಯಲ್ಲಿ, ಮುಂದೆ ಒಂದು ಡ್ಯಾಶ್‌ಬೋರ್ಡ್. ನಾಲ್ಕು ವರ್ಷದಿಂದ ಅಮೆಜಾನ್ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ತೊಂದರೆ ಇಲ್ಲದೆ ಓಡುತ್ತಿದೆ. ಈಗ ಅಮೆರಿಕದ ಒಂದು ಸರ್ಕಾರಿ ಇಲಾಖೆಗೆ ಇದು ಬೇಕಂತೆ. ಮೊದಲು ಗವ್‌ಕ್ಲೌಡ್‌ನಲ್ಲಿ ಫೆಡ್‌ರ್‍ಯಾಂಪ್ ಹೈ (ಸರ್ಕಾರ ಬಳಸುವ ಕ್ಲೌಡ್‌ಗೆ ಅಮೆರಿಕದ ಭದ್ರತಾ ಮಾನ್ಯತೆಯ ಕಟ್ಟುನಿಟ್ಟಿನ ಹಂತ), ಮುಂದಿನ ವರ್ಷ ಹೊರಗಿನ ನೆಟ್‌ವರ್ಕ್‌ಗೆ ಕೊಂಡಿಯೇ ಇಲ್ಲದ ಪರಿಸರ. ಮ್ಯಾನೇಜರ್ ಲೆಕ್ಕದಲ್ಲಿ ಇದು "ಇನ್ನೊಂದು ರೀಜನ್ ಅಷ್ಟೇ, ಟೆರಾಫಾರ್ಮ್‌ನಲ್ಲಿ ಹೆಸರು ಬದಲಾಯಿಸಿದರೆ ಆಯ್ತು".

ಮೊನ್ನೆ ಟೆರಾಫಾರ್ಮ್‌ನಲ್ಲಿ (ಕ್ಲೌಡ್ ಸೆಟಪ್ಪನ್ನು ಕೋಡ್ ಆಗಿ ಬರೆದಿಡುವ ಟೂಲ್) ಹೆಸರು ಬದಲಾಯಿಸಿ ನೋಡಿದೆವು. 11 ಪಾಡ್‌ಗಳಲ್ಲಿ (ಕುಬರ್ನೆಟೀಸ್ ಓಡಿಸುವ ಕಂಟೇನರ್ ಘಟಕಗಳು) 7 ಎದ್ದವು. ಉಳಿದ ನಾಲ್ಕು ಏಳುವುದು, ಬೀಳುವುದು, ಅದೇ ಕೆಲಸ.

ನನ್ನ ಪ್ರಶ್ನೆ ಎರಡು. ಇದಕ್ಕೆ ಬೇರೆ ಬ್ರಾಂಚ್ ಮಾಡಬೇಕಾ, ಒಂದೇ ಕೋಡ್ ಸಾಕಾ? ಇನ್ನೊಂದು, ಒಳಗೆ ಲಾಗಿನ್ ಆಗಲು ಅಮೆರಿಕದ ಪ್ರಜೆಗಳಿಗೆ ಮಾತ್ರ ಅವಕಾಶ ಅಂತ ಕರಾರಿನಲ್ಲಿದೆ. ಕೋಡ್ ಬರೆದ ನಮ್ಮಲ್ಲಿ ಅರ್ಧ ಜನ ಅದನ್ನು ಮುಟ್ಟುವ ಹಾಗಿಲ್ಲ. ಡೀಬಗ್ ಮಾಡೋದು ಹೇಗೆ?

ಪಾರ್ಟಿಶನ್‌ಪೀಡಿತ:
ನಿಮ್ಮ ಮ್ಯಾನೇಜರ್‌ಗೆ ಮೊದಲು ಒಂದು ಮಾತು ಹೇಳಿ: ಅದು ರೀಜನ್ (ಒಂದೇ ಕ್ಲೌಡ್‌ನ ಇನ್ನೊಂದು ಜಾಗ) ಅಲ್ಲ, ಪಾರ್ಟಿಶನ್, ಅಂದರೆ ಪೂರ್ತಿ ಬೇರೆಯಾಗಿಟ್ಟ ಕ್ಲೌಡ್. 2011ರಲ್ಲಿ ಶುರುವಾದಾಗಿನಿಂದ ಗವ್‌ಕ್ಲೌಡ್‌ನ ಅಕೌಂಟ್, ಐಎಎಂ (ಯಾರಿಗೆ ಏನು ಅನುಮತಿ ಎಂಬ ವ್ಯವಸ್ಥೆ) ಎಲ್ಲ ಬೇರೆಯೇ. ಈ ಕಡೆಯ ರೋಲ್ ಆ ಕಡೆ ನಡೆಯುವುದಿಲ್ಲ. ಎಆರ್‌ಎನ್‌ನ (ಪ್ರತಿ ಸಂಪನ್ಮೂಲಕ್ಕೂ ಎಡಬ್ಲ್ಯುಎಸ್ ಕೊಡುವ ಹೆಸರು) ಎರಡನೇ ಭಾಗ ಕೂಡ ಬೇರೆ, ಅಲ್ಲಿ ಬರೀ 'ಎಡಬ್ಲ್ಯುಎಸ್' ಅಂತಿದ್ದರೆ ಆಗದು, 'ಎಡಬ್ಲ್ಯುಎಸ್-ಯುಎಸ್-ಗವ್' ಇರಬೇಕು. ಯಾರೋ ಎಂದೋ ಪಾಲಿಸಿ ಫೈಲಿನಲ್ಲಿ ಅದನ್ನು ಕೈಯಾರೆ ಟೈಪ್ ಮಾಡಿರುತ್ತಾರೆ. ಇಡೀ ರೆಪೋ ಗ್ರೆಪ್ ಮಾಡಿ ಹುಡುಕಿ. ನಮ್ಮಲ್ಲಿ ಟೆಸ್ಟ್ ಬಿಟ್ಟು 63 ಕಡೆ ಸಿಕ್ಕಿತ್ತು. ಮುಂದೆ ಗುಪ್ತ ರೀಜನ್‌ಗಳಿಗೆ ಹೋದರೆ ಎಂಡ್‌ಪಾಯಿಂಟಿನ (ಸೇವೆಯ ವಿಳಾಸ) ಡೊಮೇನ್ ಕೂಡ ಬದಲಾಗುತ್ತದೆ, ಹಾಗಾಗಿ ಈಗಲೇ ಎರಡನ್ನೂ ಕಾನ್ಫಿಗ್‌ಗೆ ತೆಗೆದುಬಿಡಿ.

ಆಮೇಲೆ ಫಿಪ್ಸ್, ಅಂದರೆ ಎನ್‌ಕ್ರಿಪ್ಷನ್‌ಗೆ ಅಮೆರಿಕ ಸರ್ಕಾರದ ಮಾನದಂಡ. ನೋಡ್‌ಗಳ ಓಎಸ್ ಫಿಪ್ಸ್ ಮೋಡ್‌ನಲ್ಲಿದೆಯಾ? ಇದ್ದರೆ ಒಂದು ಪಾಡ್ ಸತ್ತದ್ದು ಫಿಪ್ಸ್ ಒಪ್ಪದ ಹಳೆಯ ಹ್ಯಾಶ್ ವಿಧಾನ ಎಂಡಿ5ನಿಂದ ಅಂತ ನನ್ನ ಅನುಮಾನ. ಪಾಸ್‌ವರ್ಡಿಗಲ್ಲ, ಸುಮ್ನೆ ಕ್ಯಾಶ್ ಕೀ ಮಾಡಲು ಎಂಡಿ5 ಕರೆದರೂ ಪೈಥಾನ್ ವ್ಯಾಲ್ಯೂ ಎರರ್ ಎಸೆಯುತ್ತದೆ. ಪೈಥಾನ್ 3.9ರಿಂದ 'ಯೂಸ್ಡ್‌ಫಾರ್‌ಸೆಕ್ಯುರಿಟಿ' ಫಾಲ್ಸ್ ಅಂತ ಕೊಡಬಹುದು, ಆದರೆ ಫಿಪ್ಸ್ ಒಪ್ಪುವ ಷಾ256ಗೆ ಹೋಗುವುದೇ ವಾಸಿ, ಆಡಿಟರ್‌ಗೆ ವಿವರಿಸುವ ಕಷ್ಟ ತಪ್ಪುತ್ತದೆ. ಇನ್ನು ಹಳೆಯ ಆವೃತ್ತಿಯ ಫಿಪ್ಸ್ 140-2 ಸರ್ಟಿಫಿಕೇಟ್‌ಗಳ ಗಡುವು 2026ರ ಸೆಪ್ಟೆಂಬರ್ 21. ಹೊಸದಾಗಿ ಮಾಡುವವರು 140-3 ಇರುವ ಮಾಡ್ಯೂಲನ್ನೇ ಆರಿಸಿ.

ಗೋಡೆಯೊಳಗೆ:
ಮೇಲಿನವರು ಹೇಳಿದ್ದು ಸರಿ, ಆದರೆ ಅದು ಸುಲಭದ ಅರ್ಧ. ನಿಜವಾದ ತಲೆನೋವು ಇಂಟರ್‌ನೆಟ್ ಇಲ್ಲದ ಕಡೆ. ನಿಮ್ಮ ಪ್ರಾಡಕ್ಟ್ ಗುಟ್ಟಾಗಿ ಎಲ್ಲೆಲ್ಲಿ ಹೊರಗೆ ಕೈಚಾಚುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಸ್ಪಾರ್ಕ್ ಜಾಬ್‌ನಲ್ಲಿ 'ಜಾರ್ಸ್ ಪ್ಯಾಕೇಜಸ್' ಆಯ್ಕೆ ಹಾಕಿದ್ದರೆ ಪ್ರತಿ ಸಲ ಶುರುವಾಗುವಾಗ ಇಂಟರ್‌ನೆಟ್‌ನಲ್ಲಿರುವ ಲೈಬ್ರರಿ ಭಂಡಾರ ಮೇವನ್ ಸೆಂಟ್ರಲ್‌ಗೆ ಓಡುತ್ತದೆ. ಕಂಟೇನರ್ ಇಮೇಜಿಗೆ 'ಲೇಟೆಸ್ಟ್' ಟ್ಯಾಗ್ ಇದ್ದರೆ, ನೋಡ್‌ನಲ್ಲೇ ಇಮೇಜ್ ಇದ್ದರೂ ಕುಬರ್ನೆಟೀಸ್ ಇಮೇಜ್ ಭಂಡಾರವಾದ ರಿಜಿಸ್ಟ್ರಿಯನ್ನೇ ಹುಡುಕುತ್ತದೆ. ನಮ್ಮ ಡ್ಯಾಶ್‌ಬೋರ್ಡ್ ಅಲ್ಲಿ ತೆರೆದ ಮೊದಲ ದಿನ ಬರೀ ಬಿಳಿ ಪುಟ. ಕಾರಣ ಏನು ಗೊತ್ತಾ? ಚಾರ್ಟ್ ಲೈಬ್ರರಿಯನ್ನು ಸಿಡಿಎನ್‌ನಿಂದ (ಇಂಟರ್‌ನೆಟ್‌ನಲ್ಲಿರುವ ಫೈಲ್ ಸರ್ವರ್) ತರುವ ಒಂದೇ ಒಂದು ಸ್ಕ್ರಿಪ್ಟ್ ಟ್ಯಾಗ್.

ನಾವು ಕೊನೆಗೆ ಮಾಡಿದ್ದು ಇಷ್ಟು. ನಮ್ಮದೇ ಆಫೀಸಿನ ಕ್ಲಸ್ಟರ್ ಒಂದರಲ್ಲಿ ಹೊರಗೆ ಹೋಗುವ ದಾರಿಯನ್ನೆಲ್ಲ ಮುಚ್ಚಿದೆವು, ಹೊರಗಿನ ಡಿಎನ್‌ಎಸ್ ಸಮೇತ. ಪ್ರತಿ ರಾತ್ರಿ ಅಲ್ಲಿ ಸೊನ್ನೆಯಿಂದ ಇನ್‌ಸ್ಟಾಲ್ ಮಾಡಿಸುತ್ತೇವೆ. ಇಮೇಜ್, ಹೆಲ್ಮ್ ಚಾರ್ಟ್ (ಕುಬರ್ನೆಟೀಸ್ ಇನ್‌ಸ್ಟಾಲ್ ಪ್ಯಾಕೇಜ್), ಪೈಥಾನ್ ವೀಲ್, ಜಾವಾ ಜಾರ್, ಸ್ಕ್ಯಾನರಿನ ಸಿವಿಇ (ಗೊತ್ತಿರುವ ಭದ್ರತಾ ದೋಷಗಳ) ಡೇಟಾಬೇಸ್ ಎಲ್ಲ ಒಂದೇ ಸಹಿ ಹಾಕಿದ ಕಟ್ಟು. ಬೇರೆ ಬ್ರಾಂಚ್ ಮಾತ್ರ ಬೇಡ ಮಾರಾಯ್ರೆ. ಆರು ತಿಂಗಳಲ್ಲಿ ಅದು ಅನಾಥವಾಗುತ್ತದೆ, ಸೆಕ್ಯುರಿಟಿ ಪ್ಯಾಚ್ ಬಂದ ದಿನ ಎರಡೂ ಕಡೆ ಮರ್ಜ್ ಮಾಡುತ್ತಾ ಕೂರಬೇಕಾಗುತ್ತದೆ.

2021ರ ಡಿಸೆಂಬರ್‌ನ ಲಾಗ್4ಜೆ (ಜಾವಾದ ಲಾಗ್ ಲೈಬ್ರರಿ) ದೋಷ ನೆನಪಿದೆ ಅಲ್ವಾ. ಸರಿಪಡಿಸಿದ ಆವೃತ್ತಿ 2.15 ಬಂತು, ಕೆಲವೇ ದಿನಕ್ಕೆ 2.16, ಅದರ ಬೆನ್ನಿಗೇ 2.17. ಮಾಮೂಲಿ ಕ್ಲೌಡ್‌ನಲ್ಲಿ ಮೂರು ಸಲ ಡೆಪ್ಲಾಯ್ ಮಾಡಿ ಕೈತೊಳೆದುಕೊಂಡೆವು. ಆ ಕಡೆ, 2.15 ಇದ್ದ ಡಿಸ್ಕ್ ಇನ್ನೂ ತಪಾಸಣೆಯ ಸಾಲಿನಲ್ಲಿತ್ತು.

ಕೋಡ್‌ನಂಬರ್404:
ಡೀಬಗ್ ಬಗ್ಗೆ ನಾನು ಹೇಳುತ್ತೇನೆ, ಮೂರು ವರ್ಷ ಅದೇ ಕೆಲಸ ಮಾಡಿದ್ದೇನೆ. ಲಾಗ್ ಹೊರಗೆ ಬರುವುದಿಲ್ಲ, ಸ್ಕ್ರೀನ್‌ಶಾಟ್ ಇಲ್ಲ, ಸ್ಕ್ರೀನ್ ಶೇರ್ ಇಲ್ಲ. ಒಳಗಿರುವವರು ಅನುಮತಿ ಇದ್ದಷ್ಟನ್ನು ಕಾಗದದಲ್ಲಿ ಬರೆದುಕೊಂಡು, ಹೊರಗೆ ಬಂದು ಫೋನ್ ಮಾಡುತ್ತಾರೆ. 80 ಸಾಲಿನ ಜಾವಾ ಸ್ಟ್ಯಾಕ್ ಟ್ರೇಸನ್ನು ಫೋನಿನಲ್ಲಿ ಓದಿಸಿ ನೋಡಿ, ಇಬ್ಬರಿಗೂ ಬದುಕು ಬೇಸರವಾಗುತ್ತದೆ.

ಅದಕ್ಕೇ ಪ್ರತಿ ಎರರ್‌ಗೂ ಒಂದು ಚಿಕ್ಕ ಕೋಡ್ ಕೊಟ್ಟೆವು. 'ಎಸ್ 217' ಅಂದರೆ ಟ್ರಸ್ಟ್‌ಸ್ಟೋರ್‌ನಲ್ಲಿ (ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ) ಇಲಾಖೆಯ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಇಲ್ಲ ಅಂತ. ಅಂದಹಾಗೆ ಇದು ನಿಮಗೂ ಬರುತ್ತದೆ: ಸರ್ಟಿಫಿಕೇಟನ್ನು ಓಎಸ್‌ಗೆ ಸೇರಿಸಿದರೂ ಜಾವಾ ತನ್ನದೇ ಟ್ರಸ್ಟ್‌ಸ್ಟೋರ್ ನೋಡುತ್ತದೆ, ಪೈಥಾನ್ ರಿಕ್ವೆಸ್ಟ್ಸ್ ಲೈಬ್ರರಿ ಸರ್ಟಿಫೈ ಎಂಬ ಪ್ಯಾಕೇಜಿನ ಪಟ್ಟಿ ನೋಡುತ್ತದೆ. ಮೂರು ಕಡೆ ಹಾಕಬೇಕು. ಜೊತೆಗೆ ಒಂದೇ ಕಮ್ಯಾಂಡಿನಲ್ಲಿ ಡಿಎನ್‌ಎಸ್, ಗಡಿಯಾರದ ವ್ಯತ್ಯಾಸ, ಡಿಸ್ಕ್, ಸರ್ಟಿಫಿಕೇಟ್ ಅವಧಿ ಎಲ್ಲ ಪರೀಕ್ಷಿಸಿ ಹತ್ತು ಸಾಲಿನಲ್ಲಿ ಉತ್ತರ ಕೊಡುವ ಟೂಲ್ ಬರೆಯಿರಿ. ಹೊಸ ಫೀಚರ್‌ಗಿಂತ ಮೊದಲು ಇದು.

ಫೆಡ್‌ರ್‍ಯಾಂಪ್ ಹೈನಲ್ಲಿ 400ಕ್ಕೂ ಜಾಸ್ತಿ ಭದ್ರತಾ ಕಂಟ್ರೋಲ್‌ಗಳಿವೆ ಅಂತ ಹೆದರಬೇಡಿ, ಕಟ್ಟಡ, ಕರೆಂಟ್, ಹಾರ್ಡ್‌ವೇರ್ ಬಗೆಗಿನವು ಗವ್‌ಕ್ಲೌಡ್ ಕಡೆಯಿಂದಲೇ ಬರುತ್ತವೆ. ದಾಖಲೆ ಬರೆಯಲು ಒಬ್ಬರನ್ನು ಪೂರ್ತಿ ಬಿಟ್ಟುಕೊಡಿ, ಅಷ್ಟೇ.

ಲಾಗ್‌ಹುಡುಕ:
ಎಲ್ಲರಿಗೂ ಥ್ಯಾಂಕ್ಸ್. ಎರಡು ಪಾಡ್ ಎಆರ್‌ಎನ್‌ನಿಂದಲೇ ಬಿದ್ದಿದ್ದವು, ಒಂದು ಎಂಡಿ5. ಮೂರೂ ಎದ್ದವು. ಗೋಡೆಯೊಳಗೆ ಅವರು ಹೇಳಿದ ಹಾಗೆ ಇವತ್ತು ಹೊರದಾರಿ ಮುಚ್ಚಿ ಓಡಿಸಿದೆ, ಎದ್ದಿದ್ದ 10ರಲ್ಲಿ 6 ಮತ್ತೆ ಬಿದ್ದವು. ಮ್ಯಾನೇಜರ್‌ಗೆ ಆ ಸ್ಕ್ರೀನನ್ನೇ ತೋರಿಸಿದೆ, ಮಾತು ಬೇಕಾಗಲಿಲ್ಲ.

ಮೊದಲಿನಿಂದಲೂ ಏಳದ ಆ 11ನೇ ಪಾಡ್ ನಮ್ಮ ಲೈಸೆನ್ಸ್ ಸರ್ವರನ್ನು ಹುಡುಕುತ್ತಾ ಸಾಯುತ್ತಿದೆ. ಆ ಕೋಡ್ ಬರೆದವನು ನಾನೇ.