ಮೊದಲ ಎಲೆಕ್ಟ್ರಿಕ್ ಗಿಟಾರ್: 28 ಸಾವಿರದ್ದೋ, 90 ಸಾವಿರದ್ದೋ?

ಡೊಂಬಿವಲಿಯ ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ಎರಡೂವರೆ ವರ್ಷದಿಂದ ಅಕೂಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಠಾಣೆಯಲ್ಲಿ ಒಬ್ಬ ಸರ್ ಹತ್ತಿರ, ವಾರಕ್ಕೆ ಎರಡು ಕ್ಲಾಸು. ಒಂದೇ ಬೆರಳಲ್ಲಿ ಎಲ್ಲ ತಂತಿ ಅದುಮುವ ಬಾರ್ ಕಾರ್ಡ್ ಈಗ ಸರಿಯಾಗಿ ಕೂರುತ್ತೆ. ನವೆಂಬರ್‌ನಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆ ನಾಲ್ಕು ಜನ ಸೇರಿ ಭಾವಗೀತೆ ನುಡಿಸೋಣ ಅಂತ ಇದೆ. ನನ್ನ ಪಾಲಿಗೆ ಎಲೆಕ್ಟ್ರಿಕ್ ಬಂದಿದೆ. ಈ ಸಲ ಬೋನಸ್ಸೂ ಬಂತು.

ಶನಿವಾರ ಮುಂಬೈಯ ಧೋಬಿ ತಲಾವ್‌ಗೆ ಹೋಗಿ ಎರಡು ಗಿಟಾರ್ ಹಿಡಿದು ನೋಡಿದೆ. ಒಂದು ಸ್ಕ್ವಯರ್ ಅಫಿನಿಟಿ ಸ್ಟ್ರಾಟೊಕಾಸ್ಟರ್, 28 ಸಾವಿರ ಹೇಳಿದರು. ಇನ್ನೊಂದು ಫೆಂಡರ್ ಪ್ಲೇಯರ್ 2 ಸ್ಟ್ರಾಟೊಕಾಸ್ಟರ್, 90 ಸಾವಿರದ ಹತ್ತಿರ. ದೂರದಿಂದ ನೋಡಿದರೆ ಅಕ್ಕತಂಗಿಯರ ಹಾಗೆ ಇವೆ. ಕೈಗೆ ತಗೊಂಡರೆ ಬೇರೆ. ಫೆಂಡರ್‌ನ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದ ಭಾಗದ ಮೇಲೆ ಕೈ ಸರಿಸಿದರೆ ಎಲ್ಲೂ ತಡೆಯಲ್ಲ. ನಮ್ಮಜ್ಜಿಯ ಲಟ್ಟಣಿಗೆ ಹಾಗೆ ನುಣ್ಣಗಿದೆ. ಸ್ಕ್ವಯರ್‌ನಲ್ಲಿ ನೆಕ್ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ, ಅಂದರೆ ಫ್ರೆಟ್‌ಗಳ ತುದಿಗಳು ಕೈಗೆ ಚುರುಚುರು ಅಂತ ತಾಗುತ್ತಿದ್ದವು. ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಸಣ್ಣ ತಂತಿ ಝರ್ ಅನ್ನುತ್ತಿತ್ತು.

ಅಂಗಡಿಯವರು "ಒಂದೇ ಸಲ ಒಳ್ಳೇದು ತಗೊಂಡುಬಿಡಿ" ಅಂದರು. ಆಫೀಸಿನ ಗೆಳೆಯ "ಅದು ಬರೀ ಹೆಸರಿಗೆ ಕೊಡೋ ದುಡ್ಡು" ಅಂತಾನೆ. ನನ್ನ ಹತ್ತಿರ ಒಟ್ಟು 1 ಲಕ್ಷ ಇದೆ, ಸದ್ದು ದೊಡ್ಡದು ಮಾಡುವ ಆಂಪ್ ಕೂಡ ಅದರಲ್ಲೇ ಬರಬೇಕು. ಅಮ್ಮನ ಮೊಣಕಾಲಿನ ಆಪರೇಷನ್‌ಗೆ ಇಟ್ಟ ದುಡ್ಡು ಬೇರೆ ಇದೆ, ಅದನ್ನು ಮುಟ್ಟಲ್ಲ. ಈ 62 ಸಾವಿರದ ವ್ಯತ್ಯಾಸ ಗಿಟಾರ್‌ನಲ್ಲಿ ಎಲ್ಲಿ ಇರುತ್ತೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕೊಥ್ರೂಡ್ ಕನ್ನಡಿಗ

ಮೊದಲು ಆಂಪ್ ಲೆಕ್ಕ ಹಾಕಿ ಮೇಡಂ. ನಾನು ಅಮೆರಿಕದಲ್ಲಿ ತಯಾರಾದ ಗಿಟಾರ್ ತಗೊಂಡು, ಉಳಿದ ದುಡ್ಡಿಗೆ ಬಂದ ಚಿಕ್ಕ ಆಂಪ್ ತಗೊಂಡೆ. ಒಂದು ವರ್ಷ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಆಮೇಲೆ ಎರಂಡವಣೆಯ ಒಂದು ಹಾಲ್‌ನಲ್ಲಿ ಗೆಳೆಯನ ಅಗ್ಗದ ಗಿಟಾರನ್ನು ಒಳ್ಳೆ ಆಂಪ್‌ಗೆ ಸಿಕ್ಕಿಸಿ ನುಡಿಸಿದೆ. ಅವತ್ತು ಕಿವಿ ತೆರೆಯಿತು. ಎಲೆಕ್ಟ್ರಿಕ್‌ನಲ್ಲಿ ನೀವು ಕೇಳುವ ಸದ್ದಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಂಪ್ ಮತ್ತು ಸ್ಪೀಕರ್‌ನದ್ದು. ಆಂಪ್‌ಗೆ ಕನಿಷ್ಠ 20 ಸಾವಿರ ತೆಗೆದಿಡಿ. ಫ್ಲಾಟ್‌ನಲ್ಲಿ ಇರೋದಾದರೆ ಹೆಡ್‌ಫೋನ್ ಹಾಕಲು ಬರುವುದನ್ನೇ ನೋಡಿ.

ಮಡಗಾಂವ್ ಗಿಟಾರ್ ರಿಪೇರಿ

ತಂಗೀ, ನಾನು ಮಡಗಾಂವ್‌ನಲ್ಲಿ ಹದಿನೇಳು ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ಊರು ದಾಂಡೇಲಿ. ಅಪ್ಪ ಅಲ್ಲಿನ ಮರದ ಡಿಪೋದಲ್ಲಿದ್ದರು, ಮರದ ಹುಚ್ಚು ನನಗೆ ಅಲ್ಲಿಂದಲೇ ಹತ್ತಿದ್ದು. ನೀನು ನೋಡಿದ ಎರಡೂ ಜಾತಿಯ ಗಿಟಾರ್ ವಾರಕ್ಕೊಂದಾದರೂ ನನ್ನ ಮೇಜಿಗೆ ಬರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

ಸ್ಕ್ವಯರ್ ಕೂಡ ಫೆಂಡರ್ ಕಂಪನಿಯದ್ದೇ. 1982ರಿಂದ ಈ ಹೆಸರಲ್ಲಿ ಕಡಿಮೆ ಬೆಲೆಯ ಗಿಟಾರ್ ಮಾಡುತ್ತಿದ್ದಾರೆ. ಅಫಿನಿಟಿ ಇಂಡೊನೇಷ್ಯಾ ಅಥವಾ ಚೀನಾದಲ್ಲಿ ಆಗುತ್ತೆ, ಪ್ಲೇಯರ್ 2 ಮೆಕ್ಸಿಕೋದಲ್ಲಿ. ಎರಡರಲ್ಲೂ ನೆಕ್ಕಿನ ಮೇಲ್ತುದಿಯ ನಟ್‌ನಿಂದ ಕೆಳಗೆ ಬಾಡಿ ಮೇಲಿರುವ ಬ್ರಿಜ್‌ವರೆಗಿನ ತಂತಿಯ ಉದ್ದ ಒಂದೇ, 25.5 ಇಂಚು. ನಿನ್ನ ಬೆರಳು ಒಂದರಲ್ಲಿ ಕಲಿತ ಅಳತೆ ಇನ್ನೊಂದರಲ್ಲಿ ಹಾಗೇ ಕೆಲಸಕ್ಕೆ ಬರುತ್ತೆ. ಇದು ಸಣ್ಣ ಮಾತಲ್ಲ.

ಮರ ಕೊರೆಯುವುದು ಎರಡು ಕಡೆಯೂ ಕಂಪ್ಯೂಟರ್ ಮೆಷಿನ್ನೇ. ಅಫಿನಿಟಿ ಬಾಡಿ ಪಾಪ್ಲರ್ ಮರ, ಪ್ಲೇಯರ್‌ದು ಆಲ್ಡರ್. ಇದರ ಮೇಲೆ ಜನ ರಾತ್ರಿಯಿಡೀ ವಾದ ಮಾಡುತ್ತಾರೆ, ನಾನು ಅದಕ್ಕೆ ಹೋಗಲ್ಲ. ದುಡ್ಡು ನಿಜವಾಗಿ ಹೋಗುವುದು ಆಮೇಲಿನ ಕೈಕೆಲಸಕ್ಕೆ. ಫ್ರೆಟ್ ಬಡಿದು ಕೂರಿಸಿದ ಮೇಲೆ ಇಪ್ಪತ್ತೊಂದೋ ಇಪ್ಪತ್ತೆರಡೋ ಸಾಲುಗಳನ್ನು ಒಂದೇ ಮಟ್ಟಕ್ಕೆ ತರಬೇಕು, ಮತ್ತೆ ಒಂದೊಂದರ ತಲೆಯನ್ನೂ ಉರುಟು ಮಾಡಬೇಕು, ಎರಡೂ ಕಡೆಯ ತುದಿ ಅರದಲ್ಲಿ ಉಜ್ಜಿ ಪಾಲಿಷ್ ಮಾಡಬೇಕು. ಪ್ಲೇಯರ್ 2ರಲ್ಲಿ ಫ್ರೆಟ್ ಕೂರುವ ಹಲಗೆಯ, ಅಂದರೆ ಫ್ರೆಟ್‌ಬೋರ್ಡಿನ ಅಂಚನ್ನೂ ಸವೆಸಿ ದುಂಡಗೆ ಮಾಡಿರುತ್ತಾರೆ. ನಿನಗೆ ಅಜ್ಜಿಯ ಲಟ್ಟಣಿಗೆ ನೆನಪಾಗಿದ್ದು ಅದಕ್ಕೇ. ನಿನ್ನ ಕೈ ಸರಿಯಾಗಿಯೇ ಹೇಳಿದೆ. ಅಗ್ಗದ ಗಿಟಾರ್‌ನಲ್ಲಿ ಈ ಕೆಲಸಕ್ಕೆ ಕೊಡುವ ಹೊತ್ತು ಕಡಿಮೆ.

ಆದರೆ ಈ ಕೆಲಸ ಆಮೇಲೂ ಮಾಡಿಸಬಹುದು. ಕಳೆದ ವರ್ಷ ಝುವಾರಿನಗರದಿಂದ ಒಬ್ಬ ಹುಡುಗ ಬಂದ, ಬಾಗಲಕೋಟೆ ಕಡೆಯವನು. 20 ಸಾವಿರದ ಗಿಟಾರ್, ಮಾರಿಬಿಡುತ್ತೇನೆ ಅಂತ ಬೇಸರದಲ್ಲಿದ್ದ. ನಾನು ದೀಪದ ಬತ್ತಿಯ ಹತ್ತಿ ತಗೊಂಡು ನೆಕ್ಕಿನ ಅಂಚಿನುದ್ದಕ್ಕೂ ಸವರಿದೆ. ಹನ್ನೊಂದು ಕಡೆ ಎಳೆ ಸಿಕ್ಕಿಕೊಂಡಿತು. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ ಸಣ್ಣ ಅರದಲ್ಲಿ ಉಜ್ಜಿದೆ. ನೆಕ್ ಮುಂದಕ್ಕೆ ಬಾಗಿತ್ತು. ಒಳಗಿರುವ ಕಬ್ಬಿಣದ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ ಮಾಡಿ ರಾತ್ರಿಯಿಡೀ ಬಿಟ್ಟೆ, ಮರಕ್ಕೆ ಕೂರಲು ಹೊತ್ತು ಬೇಕು. ನಟ್‌ನಲ್ಲಿ ತಂತಿ ಕೂರುವ ಎರಡು ಗೀರು ಆಳ ಸಾಲದೆ ಇದ್ದವು. ಮರುದಿನ ಮತ್ತೆ ಹತ್ತಿ ಸವರಿದೆ, ಒಂದು ಎಳೆಯೂ ನಿಲ್ಲಲಿಲ್ಲ. ಹುಡುಗ ಬಂದು ನನ್ನ ಸ್ಟೂಲ್ ಮೇಲೆ ಕೂತು ಒಂದು ಗಂಟೆ ನುಡಿಸಿದ. ಮಾರುವ ಮಾತು ಮತ್ತೆ ಎತ್ತಲಿಲ್ಲ. ನಾನು ತಗೊಂಡಿದ್ದು 2,500 ರೂಪಾಯಿ.

ಹಾಗಂತ ಫೆಂಡರ್‌ನಲ್ಲಿ ಬರೀ ಹೆಸರಿದೆ ಅಂದರೆ ನಾನು ಒಪ್ಪಲ್ಲ. ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಅದರ ಪಿಕಪ್‌ನಲ್ಲಿ ಅಲ್ನಿಕೊ ಅಯಸ್ಕಾಂತ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ್ದು. ಅಫಿನಿಟಿಯಲ್ಲಿ ಸೆರಾಮಿಕ್. ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ಇರುವ ಅಂತರ ಅಲ್ನಿಕೊದಲ್ಲಿ ನನ್ನ ಕಿವಿಗೆ ಚೆನ್ನಾಗಿ ಕೇಳುತ್ತೆ. ಸ್ವರ ಬಾಗಿಸುವ ಟ್ರೆಮೊಲೊ ಕೋಲು ಎಳೆದು ಬಿಟ್ಟರೆ ಶ್ರುತಿ ತನ್ನ ಜಾಗಕ್ಕೆ ಬರುತ್ತೆ. ತಂತಿ ಬಿಗಿ ಮಾಡುವ ಹಿಡಿಕೆಗಳು ಗಟ್ಟಿ. ಇವೆಲ್ಲ ನಿಜವಾದ ಗುಣ. ಆದರೆ ಇದರಲ್ಲಿ ಯಾವುದು ನಿನಗೆ ಬೇಕು ಅಂತ ನಿನ್ನ ಕೈಗೆ ಇನ್ನೂ ಗೊತ್ತಿಲ್ಲ. ಒಂದು ವರ್ಷ ನುಡಿಸಿದರೆ ಗೊತ್ತಾಗುತ್ತೆ. ಸ್ಟ್ರಾಟ್ ಸದ್ದೇ ಬೇಡ, ಹಂಬಕರ್ ಅನ್ನುವ ಜೋಡಿ ಸುರುಳಿಯ ಪಿಕಪ್ ಇರುವ ದಪ್ಪ ಸದ್ದಿನ ಗಿಟಾರ್ ಬೇಕು ಅಂತ ಆಗಲೂಬಹುದು. ಆಗ 90 ಸಾವಿರ ಎಲ್ಲಿಗೆ ಹೋಯಿತು?

ಇನ್ನೊಂದು ಹೇಳಿಬಿಡುತ್ತೇನೆ, ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಅಂಗಡಿಯ ಚೀಟಿಯಲ್ಲಿ ಅಫಿನಿಟಿಯ ಫ್ರೆಟ್‌ಬೋರ್ಡ್ "ಇಂಡಿಯನ್ ಲಾರೆಲ್" ಅಂತ ಬರೆದಿರುತ್ತೆ. ಅದು ನಮ್ಮ ಮತ್ತಿ ಮರ! ಉತ್ತರ ಕನ್ನಡದ ಕಾಡಲ್ಲಿ ಮೊಸಳೆ ಚರ್ಮದಂಥ ತೊಗಟೆ ಹೊತ್ತು ನಿಂತಿರುತ್ತದಲ್ಲ, ಅದೇ ಜಾತಿ. ಪ್ಲೇಯರ್ 2ರಲ್ಲಿ ಬರುವ ರೋಸ್‌ವುಡ್ ನಮ್ಮ ಬೀಟೆಯ ಕುಲದ್ದು. 2017ರಲ್ಲಿ ಆ ಕುಲದ ಎಲ್ಲ ಮರಗಳ ಮೇಲೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಮ ಬಂತು, ಆ ಮರ ಹಾಕಿದ ಗಿಟಾರ್ ಬೇರೆ ದೇಶಕ್ಕೆ ಮಾರಲು ಕಾಗದಪತ್ರ ಬೇಕಾಯಿತು. ಆಗ ಎಷ್ಟೋ ಕಂಪನಿಗಳು ಬೇರೆ ಮರಕ್ಕೆ ಹೋದವು, ಮತ್ತಿಗೂ ಬೇಡಿಕೆ ಬಂತು. 2019ರ ಕೊನೆಗೆ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಮನೆಯ ತೊಲೆಗೆ ಹಾಕುವ ಮರ ಅದು. ಬಣ್ಣ ಸ್ವಲ್ಪ ಮಾಸಲು ಅಂತ ಕೆಲವರು ಮೂಗು ಮುರಿಯುತ್ತಾರೆ. ಎಣ್ಣೆ ಒರೆಸಿ ನೋಡಲಿ, ಹೇಗೆ ಕಪ್ಪಾಗಿ ಹೊಳೆಯುತ್ತೆ ಅಂತ.

ನಾನಾಗಿದ್ದರೆ: ಸ್ಕ್ವಯರ್ 28 ಸಾವಿರ, ಸೆಟಪ್, ಅಂದರೆ ಆ ಹುಡುಗನಿಗೆ ಮಾಡಿಕೊಟ್ಟಂಥ ಕೆಲಸಕ್ಕೆ 3 ಸಾವಿರ, ಆಂಪ್ 20 ಸಾವಿರ. ಉಳಿದದ್ದು ಬ್ಯಾಂಕಿನಲ್ಲಿ ಇರಲಿ.

ಮುಲುಂಡ್ ಬಾಸ್

ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ನನ್ನ ಅನುಭವ ಬೇರೆ. ನನ್ನ ಮೊದಲ ಗಿಟಾರ್ 9 ಸಾವಿರದ್ದು. ಹಾಡು ಮುಗಿಯುವುದರೊಳಗೆ ಶ್ರುತಿ ಜಾರುತ್ತಿತ್ತು. ನನಗೇ ಸ್ವರಜ್ಞಾನ ಇಲ್ಲ ಅಂದುಕೊಂಡು ಒಂದೂವರೆ ವರ್ಷ ಮೂಲೆಗಿಟ್ಟೆ. ಆಮೇಲೆ ಸೆಕೆಂಡ್ ಹ್ಯಾಂಡ್ ಮೆಕ್ಸಿಕೋ ಫೆಂಡರ್ ಸಿಕ್ಕಿತು, ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ ಕೈಗೆ ತಗೊಳ್ಳುತ್ತೇನೆ. ನೋಡಿದ ತಕ್ಷಣ ಎತ್ತಿಕೊಳ್ಳಬೇಕು ಅನ್ನಿಸುವ ಗಿಟಾರ್ ಮನೆಯಲ್ಲಿದ್ದರೆ ಅಭ್ಯಾಸ ತಾನಾಗಿ ಆಗುತ್ತೆ ಅಕ್ಕ. ಇದಕ್ಕೆ ಬೆಲೆ ಕಟ್ಟೋಕೆ ಆಗಲ್ಲ.

ಸೆಕೆಂಡ್ ಹ್ಯಾಂಡ್ ಯಾಕೆ ನೋಡಬಾರದು? ಮುಂಬೈಯಲ್ಲಿ ಊರು ಬಿಟ್ಟು ಹೋಗುವವರು ಮಾರುತ್ತಲೇ ಇರುತ್ತಾರೆ. ನನ್ನದು 48 ಸಾವಿರಕ್ಕೆ ಬಂತು, ಇವತ್ತು ಮಾರಿದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತೆ.

ಡೊಂಬಿವಲಿಯ ಧಾರವಾಡದವಳು

ಮತ್ತಿ ಮರದ ವಿಷಯ ಓದಿ ಅಮ್ಮನಿಗೆ ಹೇಳಿದೆ ಅಣ್ಣಾ. ಅವರ ತವರು ಹಳಿಯಾಳ. ತವರು ಮನೆಯ ಅಟ್ಟದ ತೊಲೆ ಮತ್ತಿಯದ್ದೇ ಅಂದರು.

ಮುಲುಂಡ್ ಅಣ್ಣ, ಸೆಕೆಂಡ್ ಹ್ಯಾಂಡ್‌ಗೆ ನನಗೆ ಧೈರ್ಯ ಸಾಲದು, ನೋಡಲು ಬರಲ್ಲ. ಮಡಗಾಂವ್ ಅಣ್ಣಾ, ಅಂಗಡಿಯಲ್ಲಿ ನಾನೇ ಪರೀಕ್ಷೆ ಮಾಡಬೇಕಾದರೆ ಏನು ನೋಡಲಿ? ಮತ್ತೆ ನಮ್ಮದು ಹಳೇ ಬಿಲ್ಡಿಂಗ್, ಮಳೆಗಾಲದಲ್ಲಿ ಗೋಡೆ ಒದ್ದೆ ಆಗುತ್ತೆ.

ಮಡಗಾಂವ್ ಗಿಟಾರ್ ರಿಪೇರಿ

ಮುಲುಂಡ್ ತಮ್ಮ ಹೇಳಿದ್ದರಲ್ಲಿ ಒಂದು ದೊಡ್ಡ ಸತ್ಯ ಇದೆ. 9 ಸಾವಿರದ್ದಕ್ಕೂ 28 ಸಾವಿರದ್ದಕ್ಕೂ ಇರುವ ದೂರ, 28ಕ್ಕೂ 90ಕ್ಕೂ ಇರುವುದಕ್ಕಿಂತ ಜಾಸ್ತಿ. ತೀರಾ ಅಗ್ಗಕ್ಕೆ ಹೋಗಬೇಡ.

ಅಂಗಡಿಯಲ್ಲಿ ಒಂದೇ ಮಾಡೆಲ್‌ನ ಮೂರು ಪೀಸ್ ಕೇಳು. ಒಂದೇ ದಿನ ಒಂದೇ ಕಡೆ ಮಾಡಿದ್ದರೂ ಮೂರೂ ಬೇರೆ ಇರುತ್ತವೆ. ಮೊದಲು ಗಿಟಾರನ್ನು ಆಂಪ್‌ಗೆ ಸಿಕ್ಕಿಸದೆ ನುಡಿಸು. ಆರು ತಂತಿ, ಒಂದೊಂದರಲ್ಲೂ ಎಲ್ಲ ಫ್ರೆಟ್. ಹತ್ತು ನಿಮಿಷ ಆಗುತ್ತೆ, ನಾಚಿಕೆ ಪಡಬೇಡ, ದುಡ್ಡು ಕೊಡುವವಳು ನೀನು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡು. ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಇದ್ದರೆ ನೆಕ್ ಸರಿ ಇದೆ. ಆಮೇಲೆ ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ಬೆರಳು ಮುಟ್ಟಿಸಿ ಗಂಟೆಯಂಥ ಹಾರ್ಮೋನಿಕ್ ಸ್ವರ ತೆಗೆ, ಅದೇ ಜಾಗದಲ್ಲಿ ಒತ್ತಿ ನುಡಿಸು. ಎರಡೂ ಒಂದೇ ಸ್ವರ ಬರಬೇಕು. ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಬ್ರಿಜ್ ಸ್ಕ್ರೂನಲ್ಲಿ ಸರಿ ಹೋಗುತ್ತೆ. ನೆಕ್ ತಿರುಚಿದ್ದರೆ ಮಾತ್ರ ಕೆಳಗಿಟ್ಟು ಬಾ. ಅದಕ್ಕೆ ನನ್ನ ಹತ್ತಿರವೂ ಔಷಧ ಇಲ್ಲ.

ಆಂಪ್‌ಗೆ ಹಾಕಿದ ಮೇಲೆ ಗುಂಯ್ ಅನ್ನುತ್ತೆ. ಹೆದರಬೇಡ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿರುವುದು, ನಮ್ಮ ಕರೆಂಟಿನ 50 ಹರ್ಟ್ಸ್ ಸದ್ದನ್ನೂ ಅದು ಹಿಡಿಯುತ್ತೆ. 90 ಸಾವಿರದ್ದರಲ್ಲೂ ಇದು ಇರುತ್ತೆ. ತಂತಿ ಮುಟ್ಟಿದಾಗ ಕಡಿಮೆ ಆದರೆ ಅದು ಮಾಮೂಲು. ಮನೆಯ ಪ್ಲಗ್‌ಗೆ ಅರ್ಥಿಂಗ್ ಇದೆಯಾ ಅಂತ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು, ಇದನ್ನು ಮರೆಯಬೇಡ.

ಮಳೆಗಾಲಕ್ಕೆ: ಒದ್ದೆ ಗೋಡೆಗೆ ನೇತು ಹಾಕಬೇಡ. ಬ್ಯಾಗ್‌ನಲ್ಲಿ ಸಿಲಿಕಾ ಪೊಟ್ಟಣ ಹಾಕಿಡು. ನುಡಿಸಿದ ಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸು. ಗಿಟಾರ್‌ಗೆ ಶೇಕಡ 45ರಿಂದ 55 ತೇವಾಂಶ ಹಿತ, ನಮ್ಮ ಕರಾವಳಿಯಲ್ಲಿ ಜುಲೈನಲ್ಲಿ 80 ದಾಟುತ್ತೆ. ವರ್ಷಕ್ಕೆ ಎರಡು ಸಲ ನೆಕ್ ನೋಡಿಸು, ಮಳೆ ಶುರುವಾದಾಗ ಒಮ್ಮೆ, ಬಿಟ್ಟಾಗ ಒಮ್ಮೆ.

ಡೊಂಬಿವಲಿಯ ಧಾರವಾಡದವಳು

ತಗೊಂಡೆ ಅಣ್ಣಾ! ಸ್ಕ್ವಯರ್. ಬತ್ತಿಯ ಹತ್ತಿ ಪರ್ಸ್‌ನಲ್ಲಿ ಹಾಕಿಕೊಂಡೇ ಹೋಗಿದ್ದೆ. ಮೊದಲನೇ ಪೀಸ್‌ನಲ್ಲಿ ಒಂಬತ್ತು ಕಡೆ ಸಿಕ್ಕಿತು. ಎರಡನೇದರ ನೆಕ್ ಸ್ವಲ್ಪ ತಿರುಚಿದ ಹಾಗಿತ್ತು, ಅಂಗಡಿಯವರೇ ನೋಡಿ ಒಳಗಿಟ್ಟರು. ಮೂರನೇದರಲ್ಲಿ ಎರಡೇ ಕಡೆ ಎಳೆ ನಿಂತಿತು, ಮೇಲಿನ ಫ್ರೆಟ್‌ಗಳಲ್ಲಿ ಝರ್ ಇಲ್ಲ. ತಿಳಿ ನೀಲಿ ಬಣ್ಣ. ನನಗೆ ಕೆಂಪು ಬೇಕಿತ್ತು, ಆದರೆ ಕೆಂಪು ಮೊದಲನೇದು.

ಬೆನ್ನಿಗೆ ಹಾಕಿಕೊಂಡು ಸಿಎಸ್‌ಎಂಟಿಯಿಂದ ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದೆ. ದಾದರ್‌ನಲ್ಲಿ ಗರ್ದಿ ಆದಾಗ ಒಬ್ಬ ಮೌಶಿ ತಮ್ಮ ಮೀನಿನ ಬುಟ್ಟಿ ಸರಿಸಿ ಜಾಗ ಕೊಟ್ಟರು. ಠಾಣೆಯ ಸರ್ ಹೇಳಿದವರ ಹತ್ತಿರ ಸೆಟಪ್ ಆಯಿತು, 2,000 ರೂಪಾಯಿ. ಆಂಪ್ ಬುಧವಾರ ಬರುತ್ತೆ. ಅಲ್ಲಿಯವರೆಗೆ ಹಾಗೇ ನುಡಿಸುತ್ತಿದ್ದೇನೆ, ಅಮ್ಮ ಪಕ್ಕದಲ್ಲಿ ಕೂತು ಫ್ರೆಟ್‌ಬೋರ್ಡ್ ಮುಟ್ಟಿ ಮುಟ್ಟಿ ನೋಡುತ್ತಾರೆ.

ಇನ್ನೊಂದೇ ಪ್ರಶ್ನೆ. ತಂತಿ 9ರ ಸೆಟ್ ಇದೆ. ಕ್ಲಾಸಿನಲ್ಲಿ ಎಲ್ಲರೂ ಅದಕ್ಕಿಂತ ದಪ್ಪನೆಯ 10ರ ಸೆಟ್ ಹಾಕು ಅನ್ನುತ್ತಾರೆ. ಬದಲಾಯಿಸಲಾ?

ಮಡಗಾಂವ್ ಗಿಟಾರ್ ರಿಪೇರಿ

ಈಗ ಬೇಡ. 10 ಹಾಕಿದರೆ ನೆಕ್ ಮೇಲೆ ಎಳೆತ ಜಾಸ್ತಿ ಆಗುತ್ತೆ, ಮಾಡಿಸಿದ ಸೆಟಪ್ ಮತ್ತೆ ಮಾಡಿಸಬೇಕು. ರಾಜ್ಯೋತ್ಸವ ಮುಗಿಯುವವರೆಗೆ 9ರಲ್ಲೇ ನುಡಿಸು. ಮೊದಲ ತಂತಿಯ ಒಂದು ಜೊತೆ ಎಕ್ಸ್‌ಟ್ರಾ ಇಟ್ಟುಕೋ, ಸ್ಟೇಜ್ ಮೇಲೆ ಕಡಿಯುವುದು ಹೆಚ್ಚಾಗಿ ಅದೇ. ಅಮ್ಮನಿಗೆ ನಮಸ್ಕಾರ ತಿಳಿಸು.