ಅಪ್‌ಡೇಟ್: ತಂದೆಯವರ ರಿಫ್ಲಕ್ಸ್ ಪರೀಕ್ಷೆಯ ಫಲಿತಾಂಶ

ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್ (ಕಾರಣ ತಿಳಿಯದೆ ಶ್ವಾಸಕೋಶ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇರುವ ನನ್ನ ತಂದೆಯವರಿಗೆ ಎದೆಯುರಿ ಇಲ್ಲದಿದ್ದರೂ, ಎಂಡೋಸ್ಕೋಪಿ ಸಹಜವಾಗಿದ್ದರೂ, ಒಣಕೆಮ್ಮಿನ ಹಿಂದೆ ಆಸಿಡ್ ರಿಫ್ಲಕ್ಸ್ (ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಹಿಮ್ಮುಖವಾಗಿ ಹರಿಯುವುದು) ಇರಬಹುದೇ ಎಂದು ಕೇಳಿದ್ದೆ. ನಿಮ್ಮಲ್ಲಿ ಕೆಲವರು ಸೂಚಿಸಿದ್ದ 24 ಗಂಟೆಗಳ ಪಿಎಚ್-ಇಂಪಿಡೆನ್ಸ್ (ಆಮ್ಲೀಯತೆ ಮತ್ತು ವಿದ್ಯುತ್ ಪ್ರತಿರೋಧ ಅಳೆಯುವ) ಪರೀಕ್ಷೆಯನ್ನು, ವೈದ್ಯರ ಸಲಹೆಯಂತೆ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿ, ಮಾಡಿಸಿದೆವು. ಮೂಗಿನ ಮೂಲಕ ಇಳಿಸುವ ಈ ತೆಳು ನಳಿಕೆ ಆಮ್ಲವನ್ನಷ್ಟೇ ಅಲ್ಲದೆ, ಆಮ್ಲೀಯತೆ ಕಡಿಮೆಯಿರುವ ದ್ರವವೂ ಗಾಳಿಯೂ ಅನ್ನನಾಳದಲ್ಲಿ ಎಷ್ಟು ಮೇಲಕ್ಕೆ ಏರುತ್ತವೆ ಎಂಬುದನ್ನು ದಾಖಲಿಸುತ್ತದೆ. ಮಾತ್ರೆಯು ಆಮ್ಲವನ್ನು ತಗ್ಗಿಸುತ್ತದೆಯೇ ಹೊರತು ಹಿಮ್ಮುಖ ಹರಿವನ್ನು ತಡೆಯುವುದಿಲ್ಲ; ಮೇಲೇರಿದ ದ್ರವ ಶ್ವಾಸಕೋಶಕ್ಕೂ ಸೇರಬಹುದಾದ್ದರಿಂದ, ಶ್ವಾಸಕೋಶದ ರೋಗಿಗಳಿಗೆ ಈ ಮಾಹಿತಿಯೇ ಹೆಚ್ಚು ಮುಖ್ಯವೆಂದು ನನಗೆ ಅನಿಸಿತು.

ರಿಫ್ಲಕ್ಸ್ ರೋಗವನ್ನು ಗುರುತಿಸಲು ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ಲಿಯಾನ್ ಒಮ್ಮತದ ಎರಡನೆಯ ಆವೃತ್ತಿಯ ಪ್ರಕಾರ, ಅನ್ನನಾಳದ ಪಿಎಚ್ (ಇದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) 4ಕ್ಕಿಂತ ಕೆಳಗಿರುವ ಅವಧಿ ಪರೀಕ್ಷೆಯ ಒಟ್ಟು ಸಮಯದ ಶೇ. 6ನ್ನು ಮೀರಿದರೆ ರೋಗ ಖಚಿತ, ಶೇ. 4ಕ್ಕಿಂತ ಕಡಿಮೆಯಿದ್ದರೆ ಸಹಜ. ತಂದೆಯವರ ಫಲಿತಾಂಶ ಇವೆರಡರ ನಡುವೆ ಬಂತು. ಆಗ ವೈದ್ಯರು ರಾತ್ರಿ ನಿದ್ರೆಯ ಹೊತ್ತಿನ ಸರಾಸರಿ ಇಂಪಿಡೆನ್ಸ್ ನೋಡಿದರು. ಅನ್ನನಾಳದ ಒಳಪದರಕ್ಕೆ ಹಾನಿಯಾದಾಗ ಇಳಿಯುವ ಆ ಅಂಕಿ 1500 ಓಮ್‌ಗಿಂತ ಕೆಳಗಿದ್ದುದರಿಂದ, ರಿಫ್ಲಕ್ಸ್ ಇದೆಯೆಂದು ತೀರ್ಮಾನಿಸಿದರು.

ಮಾತ್ರೆ ಮತ್ತೆ ಆರಂಭವಾಗಿದೆ, ಆದರೆ ರಿಫ್ಲಕ್ಸ್‌ಗಾಗಿ ಮಾತ್ರ. ಶ್ವಾಸಕೋಶ ಸುಧಾರಿಸಲೆಂದು ಅದನ್ನು ಕೊಡುವುದನ್ನು ಈ ಶ್ವಾಸಕೋಶದ ಕಾಯಿಲೆಯ ಕುರಿತ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಬೆಂಬಲಿಸುವುದಿಲ್ಲ.