ಕೋಡಿಯಕ್ಕರೈ ಅಭಯಾರಣ್ಯದ ಕಡಲತೀರ, ಮರಳ ದಿಬ್ಬ: ಡಿಸೆಂಬರ್ ರಜೆಯಲ್ಲಿ ಹೋಗಬಹುದೇ?

ಗಡಿನಾಡ ಮೇಷ್ಟ್ರು (ಬದಿಯಡ್ಕ, ಕಾಸರಗೋಡು)

ಮಾನ್ಯರೇ,

ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿರುವ ಕೋಡಿಯಕ್ಕರೈ ವನ್ಯಜೀವಿ ಅಭಯಾರಣ್ಯಕ್ಕೆ ಈ ಸಲದ ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿಯೊಂದಿಗೆ ಹೋಗಬೇಕೆಂದಿದ್ದೇನೆ. ಮಂಡಿನೋವಿರುವ ಅಮ್ಮ ಮತ್ತು ಹೈಸ್ಕೂಲಿನಲ್ಲಿ ಓದುವ ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಅಮ್ಮನಿಗೆ ವೇದಾರಣ್ಯದ ಶಿವನ ದರ್ಶನವಾದರೆ ಸಾಕು; ಮಕ್ಕಳು ಕೃಷ್ಣಮೃಗವನ್ನೂ ಫ್ಲೆಮಿಂಗೊ ಹಕ್ಕಿಗಳನ್ನೂ ನೋಡಲೇಬೇಕೆಂದು ಹಟ ಹಿಡಿದಿದ್ದಾರೆ. ನನ್ನ ಕುತೂಹಲವೆಲ್ಲ ಅಲ್ಲಿನ ಮರಳ ದಿಬ್ಬಗಳ ಮೇಲೆ. ಕುಂಬಳೆ, ಉಪ್ಪಳದ ಕಡೆಯ ನಮ್ಮ ತೀರದಲ್ಲಿ ಕಡಲ್ಕೊರೆತವನ್ನು ತಡೆಯಲೆಂದು ಕಲ್ಲು ಪೇರಿಸಿದ ಮೇಲೆ ಹೊಯ್ಗೆಯ ದಿಬ್ಬ ಎನ್ನುವಂಥದ್ದು ಅಲ್ಲಲ್ಲಿ ತುಂಡುತುಂಡಾಗಿ ಮಾತ್ರ ಉಳಿದಿದೆ.

ಅಲ್ಲಿ ದಿಬ್ಬಗಳ ಮೇಲೆ ನಡೆಯಲು ಬಿಡುತ್ತಾರೆಯೇ, ಡಿಸೆಂಬರಿನ ಕೊನೆಯ ವಾರ ಸೂಕ್ತವೇ, ಕಾಸರಗೋಡಿನಿಂದ ಹೋಗುವವರಿಗೆ ಯಾವ ದಾರಿ ಅನುಕೂಲ ಎಂಬುದನ್ನು ನೋಡಿ ಬಂದವರು ದಯವಿಟ್ಟು ತಿಳಿಸಬೇಕು.

ಹೊಸೂರು ವಾಸಿ

ಮೇಷ್ಟ್ರೇ, ಮೊದಲು ಮಳೆಯ ಲೆಕ್ಕ ಹಾಕಿಕೊಳ್ಳಿ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುವ ಮಳೆಗೂ ಅಲ್ಲಿನ ಮಳೆಗೂ ಹೊಂದಿಕೆಯೇ ಇಲ್ಲ. ಕಾವೇರಿಯ ಮುಖಜಭೂಮಿಗೆ ವರ್ಷದ ಮಳೆಯ ಬಹುಪಾಲು ಬರುವುದು ಈಶಾನ್ಯ ಮಾರುತದಿಂದ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನೀವು ಕೊಡೆ ಮಡಚಿ ಅಟ್ಟಕ್ಕೆ ಹಾಕುವ ಹೊತ್ತಿಗೆ ಅವರು ಬಿಚ್ಚುತ್ತಾರೆ. ಚಂಡಮಾರುತಗಳೂ ಇದೇ ಕಾಲದವು. 2018ರ ನವೆಂಬರ್ 16ರಂದು ಗಜ ಚಂಡಮಾರುತ ನಾಗಪಟ್ಟಿಣಂ ಮತ್ತು ವೇದಾರಣ್ಯದ ನಡುವೆ ದಡ ಹಾಯ್ದಾಗ ಈ ಅಭಯಾರಣ್ಯದ ಮರಗಳೂ ಪ್ರಾಣಿಗಳೂ ಬಹಳವಾಗಿ ನಾಶವಾದವು.

ವಲಸೆ ಹಕ್ಕಿಗಳು ಬರುವುದೂ ಇದೇ ತಿಂಗಳುಗಳಲ್ಲಿ ಎಂಬುದೇ ತೊಡಕು. ಉತ್ತರದ ಶೀತ ಪ್ರದೇಶಗಳಿಂದ ಬರುವ ಉಲ್ಲಂಕಿ, ಗೊರವಗಳ ದೊಡ್ಡ ಹಿಂಡುಗಳು ಡಿಸೆಂಬರಿನಲ್ಲಿ ಅಲ್ಲೇ ಇರುತ್ತವೆ. ಫ್ಲೆಮಿಂಗೊಗಳೂ ಬಂದಿರುತ್ತವೆ, ಆದರೆ ಜೌಗಿನಲ್ಲಿ ನೀರು ಏರಿದ್ದರೆ ಅವು ಕಾಲೂರಿ ಮೇಯಲು ಆಳವಿಲ್ಲದ ಜಾಗ ಹುಡುಕಿಕೊಂಡು ಚದುರಿಬಿಡುತ್ತವೆ. ನನ್ನನ್ನು ಕೇಳಿದರೆ ಜನವರಿಯ ಕೊನೆ ಅಥವಾ ಫೆಬ್ರವರಿಯ ಮೊದಲ ವಾರಗಳೇ ಒಳ್ಳೆಯವು. ಮಳೆ ನಿಂತಿರುತ್ತದೆ, ಕಾಡಿನ ಮಣ್ಣು ದಾರಿ ಗಟ್ಟಿಯಾಗಿರುತ್ತದೆ, ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ.

ಪ್ರಯಾಣಕ್ಕೆ ಪಾಲಕ್ಕಾಡಿಗೆ ಬಂದು ಎರ್ನಾಕುಳಂ–ಕಾರೈಕಾಲ್ ಎಕ್ಸ್‌ಪ್ರೆಸ್ ಹಿಡಿಯುವುದು ನಿಮಗೆ ಅನುಕೂಲ. ಅದು ತಿರುಚ್ಚಿ, ತಂಜಾವೂರಿನ ಮೂಲಕ ನಾಗಪಟ್ಟಿಣಂಗೆ ಹೋಗುತ್ತದೆ. ಅಲ್ಲಿಂದ ವೇದಾರಣ್ಯಕ್ಕೆ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್, ಮುಂದೆ ಕೋಡಿಯಕ್ಕರೈಗೆ ಹತ್ತು ಹನ್ನೆರಡು ಕಿಲೋಮೀಟರ್. ತಿರುತ್ತುರೈಪೂಂಡಿಯಿಂದ ವೇದಾರಣ್ಯದ ಮೇಲೆ ಅಗಸ್ತ್ಯಂಪಳ್ಳಿಗೆ ಬ್ರಾಡ್‌ಗೇಜ್ ಹಳಿ 2023ರಲ್ಲಿ ಆರಂಭವಾಗಿದೆ. ಆದರೆ ವಯಸ್ಸಾದವರನ್ನು ಕರೆದುಕೊಂಡು ಮೂರು ರೈಲು ಬದಲಿಸುವುದಕ್ಕಿಂತ ನಾಗಪಟ್ಟಿಣಂನಲ್ಲಿ ಕಾರು ಮಾಡಿಕೊಳ್ಳುವುದು ಮೇಲು.

ಕಡಲ ತಡಿ (ಮಂಜೇಶ್ವರ)

ದಿಬ್ಬಗಳ ವಿಚಾರ ನಾನು ಬರೆಯುತ್ತೇನೆ. ಅರಣ್ಯ ಇಲಾಖೆಯವರು ತೋರಿಸುವ ದಾರಿಯಲ್ಲಿ ತೀರಕ್ಕೆ ಇಳಿಯಿರಿ, ಅಲೆ ತೋಯಿಸಿ ಗಟ್ಟಿ ಮಾಡಿದ ಹೊಯ್ಗೆಯ ಮೇಲೆ ಬೇಕಾದಷ್ಟು ನಡೆಯಿರಿ, ಆದರೆ ಬಳ್ಳಿ ಹಬ್ಬಿದ ದಿಬ್ಬವನ್ನು ದಯವಿಟ್ಟು ಹತ್ತಬೇಡಿ. ಕಾರಣವನ್ನು ಮಕ್ಕಳಿಗೆ ಅಲ್ಲಿಯೇ ತೋರಿಸಿಕೊಡಬಹುದು.

ದಡದ ಒಣ ಹೊಯ್ಗೆಯನ್ನು ಗಾಳಿ ಎತ್ತಿಕೊಂಡು ಒಳಕ್ಕೆ ಓಡುತ್ತದೆ. ಯಾವುದಾದರೂ ಗಿಡ ಅಡ್ಡ ಸಿಕ್ಕಿದ ಕೂಡಲೇ ಗಾಳಿಯ ವೇಗ ಕುಂದಿ ಹೊಯ್ಗೆ ಕೆಳಗೆ ಬೀಳುತ್ತದೆ. ಬಿದ್ದ ಹೊಯ್ಗೆ ತನ್ನನ್ನು ಮುಚ್ಚಿದಷ್ಟೂ ಮೇಲೆ ಚಿಗುರುವ ಗುಣ ಆ ಗಿಡಕ್ಕಿದ್ದರೆ ದಿಬ್ಬ ಬೆಳೆಯುತ್ತದೆ. ಈ ಕೆಲಸ ಮಾಡುವ ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಎಂಬ ಹುಲ್ಲು ನಮ್ಮ ತೀರಕ್ಕೂ ಹೊಸವಲ್ಲ. ಅಡುಂಬು ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮುಂದೆ ಹರಿಯುತ್ತದೆ. ರಾವಣನ ಮೀಸೆಯ ಎಲೆಯ ತುದಿ ಸೂಜಿಯಂತೆ ಚುಚ್ಚುತ್ತದೆ. ಅದರ ಹೆಣ್ಣು ಗಿಡದ ಮುಳ್ಳುಂಡೆ ಬಲಿತು ಕಳಚಿಕೊಂಡ ಮೇಲೆ ಗಾಳಿಗೆ ಪುಟಿಯುತ್ತ ದಡದುದ್ದಕ್ಕೂ ಉರುಳಿ ಬೀಜ ಉದುರಿಸುತ್ತದೆ. ಜನ ಒಂದೇ ಕಡೆ ಹತ್ತಿ ಇಳಿದರೆ ಈ ಬಳ್ಳಿಗಳು ಹರಿದು, ಅಲ್ಲಿ ಬಾಯಿ ತೆರೆದ ಜಾಗದಿಂದ ಗಾಳಿ ಹೊಯ್ಗೆಯನ್ನು ತೋಡಿ ತೆಗೆಯುತ್ತದೆ, ಒಂದು ಋತುವಿನಲ್ಲಿ ದಿಬ್ಬದ ಮಧ್ಯೆ ಓಣಿ ಬಿದ್ದಿರುತ್ತದೆ.

ಬಿರುಗಾಳಿಯ ದಿನಗಳಲ್ಲಿ ಕಡಲು ದಿಬ್ಬದಿಂದ ಹೊಯ್ಗೆ ಎಳೆದುಕೊಂಡು ಶಾಂತವಾದಾಗ ದಡಕ್ಕೆ ಹಿಂದಿರುಗಿಸುತ್ತದೆ. ಕಲ್ಲಿನ ಗೋಡೆ ಕಟ್ಟಿದರೆ ಈ ಕೊಡುಕೊಳ್ಳುವಿಕೆ ನಿಲ್ಲುತ್ತದೆ. ಗೋಡೆಗೆ ಬಡಿದು ಮರಳುವ ಅಲೆ ಅದರ ಬುಡದ ಹೊಯ್ಗೆಯನ್ನೇ ಕೊಂಡೊಯ್ಯುತ್ತದೆ. ನಮ್ಮ ಮೂಸೋಡಿ ಕಡೆಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದಿಬ್ಬಕ್ಕೆ ಇನ್ನೊಂದು ಉಪಯೋಗವಿದೆ: ಅದರೊಳಗೆ ಇಂಗಿದ ಮಳೆನೀರು ಉಪ್ಪು ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡು ಸಿಹಿಯಾಗಿಯೇ ಉಳಿಯುತ್ತದೆ. ಮೂರು ಕಡೆ ಉಪ್ಪು ನೀರಿರುವ ಅಂಥ ಜಾಗದಲ್ಲಿ ಕಾಡು ನಿಂತಿರುವುದಕ್ಕೆ ಇದೂ ಒಂದು ಕಾರಣ.

ಎರಡು ದಡಗಳನ್ನೂ ನೋಡಿ. ಉತ್ತರದಿಂದ ನೇರವಾಗಿ ಇಳಿದು ಬಂದ ಕರಾವಳಿ ಕೋಡಿಯಕ್ಕರೈಯಲ್ಲಿ ಒಮ್ಮೆಲೇ ಪಶ್ಚಿಮಕ್ಕೆ ತಿರುಗುತ್ತದೆ. ಪೂರ್ವದಲ್ಲಿ ಬಂಗಾಳ ಕೊಲ್ಲಿ, ದಕ್ಷಿಣದಲ್ಲಿ ಪಾಕ್ ಜಲಸಂಧಿ. ಚೋಳರ ಕಾಲದ್ದೆಂದು ಹೇಳುವ ಹಳೆಯ ದೀಪಸ್ತಂಭ 2004ರ ಸುನಾಮಿಗೆ ಉರುಳಿತು.

ತಾಳವಾಡಿಯವ (ಈರೋಡು ಜಿಲ್ಲೆ)

ಕೃಷ್ಣಮೃಗದ ಬಗ್ಗೆ ಎರಡು ಮಾತು. ನಮ್ಮ ಬೆಟ್ಟದ ಕೆಳಗಿನ ಮೋಯಾರ್ ಕಣಿವೆಯಲ್ಲೂ ಅವು ಇವೆ, ಆದರೆ ಅಲ್ಲಿ ಹುಲಿ ಮೀಸಲು ಪ್ರದೇಶದ ಪೊದೆಗಳ ನಡುವೆ ಕಾಣಿಸುವುದು ಅಪರೂಪ. ಕೋಡಿಯಕ್ಕರೈಯನ್ನು 1967ರಲ್ಲಿ ಅಭಯಾರಣ್ಯವೆಂದು ಘೋಷಿಸಿದ್ದೇ ಮುಖ್ಯವಾಗಿ ಕೃಷ್ಣಮೃಗಕ್ಕಾಗಿ. ಬಯಲು ಹುಲ್ಲುಗಾವಲಾದ್ದರಿಂದ ಬೆಳಗಿನ ಹೊತ್ತು ಅವಸರಿಸದೆ ಕಾದರೆ ಕಾಣಸಿಗುತ್ತವೆ. ಸುರುಳಿ ಕೊಂಬಿನ ಕಪ್ಪು ಗಂಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ಸರಹದ್ದು ಸಾರುತ್ತದೆ. ಅಂಥ ಹಿಕ್ಕೆಯ ರಾಶಿ ಕಂಡರೆ ಗಾಡಿ ದೂರದಲ್ಲೇ ನಿಲ್ಲಿಸಿ ಕಾಯಿರಿ, ಅದು ಅಲ್ಲಿಗೇ ಮರಳುವ ಸಂಭವ ಹೆಚ್ಚು. ಕೆಳಗಿಳಿದು ಹಿಂಬಾಲಿಸಿದರೆ ಓಡುವ ಅದರ ಬೆನ್ನಷ್ಟೇ ಕಾಣುತ್ತದೆ.

ಅಲ್ಲಿ ಮಕ್ಕಳಿಗೆ ಕುದುರೆಗಳೂ ಕಾಣುತ್ತವೆ. ಅವು ಹುಟ್ಟು ಕಾಡುಪ್ರಾಣಿಗಳಲ್ಲ, ಸಾಕಿದ್ದ ಕುದುರೆಗಳ ಸಂತತಿ ಕಾಡುಪಾಲಾಗಿ ಬೆಳೆದದ್ದು. ನೋಡಲು ಚೆಂದ, ನಿಜ. ಆದರೆ ಕೃಷ್ಣಮೃಗ ಮೇಯುವ ಹುಲ್ಲನ್ನೇ ಅವೂ ಮೇಯುತ್ತವೆ. ಬಳ್ಳಾರಿ ಜಾಲಿ ಬೇರೆ ಹುಲ್ಲುಗಾವಲನ್ನು ಮುಚ್ಚುತ್ತ ಬರುತ್ತಿದೆ, ಅದರ ಕಾಯಿ ತಿಂದ ಪ್ರಾಣಿಗಳ ಸಗಣಿಯಿಂದಲೇ ಬೀಜ ಎಲ್ಲೆಡೆ ಹರಡುತ್ತದೆ. ಕುದುರೆಗಳಿಗೆ ಬಿಸ್ಕತ್ತು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಮ್ಮನವರಿಗೆ ರಾಮರ್ ಪಾದಂ ತೋರಿಸಿ. ರಾಮನ ಹೆಜ್ಜೆ ಗುರುತೆಂದು ನಂಬಿರುವ ಆ ಗುಡ್ಡವೇ ಅಲ್ಲಿನ ಅತಿ ಎತ್ತರದ ಸ್ಥಳ, ಆದರೆ ಎತ್ತರ ಸುಮಾರು 4 ಮೀಟರ್ ಮಾತ್ರ. ಮಂಡಿನೋವಿದ್ದವರಿಗೂ ಶಿಖರ ಏರಿದ ಪುಣ್ಯ ಬರಲಿ.

ಗಡಿನಾಡ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಜನವರಿ 26ರ ಆಸುಪಾಸಿನಲ್ಲಿ ಹೊರಡೋಣವೆಂದರೆ ಶಾಲೆಯಲ್ಲಿ ಧ್ವಜಾರೋಹಣಕ್ಕೆ ನಾನಿರಲೇಬೇಕು, ಆಮೇಲೆ ಮಕ್ಕಳ ಪರೀಕ್ಷೆ ಹತ್ತಿರವಾಗುತ್ತದೆ. ಹಾಗಾಗಿ ಡಿಸೆಂಬರಿನ ಕೊನೆಯ ವಾರವೇ ಗಟ್ಟಿ. ರಾತ್ರಿ ತೀರದಲ್ಲಿ ಕಡಲಾಮೆ ಮೊಟ್ಟೆಯಿಡುವುದನ್ನು ನೋಡಬಹುದೇ ಎಂದು ಮಗಳು ಕೇಳುತ್ತಿದ್ದಾಳೆ.

ಕಡಲ ತಡಿ (ಮಂಜೇಶ್ವರ)

ಆ ವಾರ ಆಮೆಗಳ ನಿರೀಕ್ಷೆ ಬೇಡ. ತಮಿಳುನಾಡಿನ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ಹೆಚ್ಚಾಗಿ ಮೊಟ್ಟೆಯಿಡುವುದು ಜನವರಿಯಿಂದ ಮಾರ್ಚ್‌ವರೆಗೆ. ಅಲ್ಲದೆ ಕತ್ತಲಾದ ಮೇಲೆ ಅಭಯಾರಣ್ಯದ ತೀರದಲ್ಲಿ ನಮ್ಮಷ್ಟಕ್ಕೆ ನಾವೇ ತಿರುಗಾಡುವುದು ತರವಲ್ಲ. ಟಾರ್ಚಿನ ಬೆಳಕು ಕಂಡರೆ ಮೇಲೆ ಬರುತ್ತಿದ್ದ ತಾಯಿ ಆಮೆ ಮೊಟ್ಟೆಯಿಡದೆ ಕಡಲಿಗೆ ಮರಳಬಹುದು, ಮರಿಗಳಂತೂ ಬೆಳಕಿನ ಕಡೆಗೇ ದಾರಿ ತಪ್ಪಿ ಹೋಗುತ್ತವೆ.

ಮಗಳ ಆಸೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ದಲ್ ಎಂಬ ಸಂಘಟನೆಯವರು ಆಮೆಯ ಮೊಟ್ಟೆಗಳನ್ನು ನಾಯಿ ನರಿಗಳಿಂದ ಕಾಪಾಡಿ, ಬೇಲಿ ಹಾಕಿದ ಹೊಯ್ಗೆಯಲ್ಲಿ ಹೂತು ಕಾಯುತ್ತಾರೆ. ಮರಿಯಾಗಲು ಹೆಚ್ಚುಕಡಿಮೆ 45ರಿಂದ 60 ದಿನ ಬೇಕು. ಮೊದಲೇ ವಿಚಾರಿಸಿಕೊಂಡು ಹೋದರೆ ಮರಿಗಳನ್ನು ಕಡಲಿಗೆ ಬಿಡುವ ದಿನ ನೋಡಲು ಸಿಗಬಹುದು.

ಹೊಸೂರು ವಾಸಿ

ಡಿಸೆಂಬರ್ ಖಚಿತವಾದರೆ ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಕೊಲ್ಲಿಯಲ್ಲಿ ವಾಯುಭಾರ ಕುಸಿತವಿದ್ದರೆ ಟಿಕೆಟ್ ರದ್ದು ಮಾಡಿದರೂ ನಷ್ಟವಿಲ್ಲ. ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ದಿನ ವೇದಾರಣ್ಯದ ದೇವಸ್ಥಾನ, ಸಂಜೆ ಅಗಸ್ತ್ಯಂಪಳ್ಳಿಯ ಉಪ್ಪಿನ ಗದ್ದೆಗಳು. 1930ರ ಏಪ್ರಿಲಿನಲ್ಲಿ ರಾಜಾಜಿಯವರು ತಿರುಚ್ಚಿಯಿಂದ ನಡೆದು ಬಂದು ಉಪ್ಪಿನ ಸತ್ಯಾಗ್ರಹ ಮಾಡಿದ ಪ್ರದೇಶ ಅದು, ಮಕ್ಕಳಿಗೆ ಪಾಠದಲ್ಲಿ ಬಂದಿರುತ್ತದೆ. ಎರಡನೆಯ ದಿನ ಬೆಳಗ್ಗೆ ಬೇಗ ಕೃಷ್ಣಮೃಗ ಮತ್ತು ಪೂರ್ವದ ತೀರ ನೋಡಿ, ಬಿಸಿಲೇರಿದ ಮೇಲೆ ವಿಶ್ರಾಂತಿ ಪಡೆದು, ನಾಲ್ಕರ ನಂತರ ಜೌಗಿನ ಕಡೆಗೆ ಹೋಗಿ. ಫ್ಲೆಮಿಂಗೊಗಳು ದೂರದಲ್ಲಿ ನಿಂತು, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ ಕೆಸರು ಸೋಸಿ ತಿನ್ನುತ್ತವೆ. ಬರಿಗಣ್ಣಿಗೆ ಬರೀ ಗುಲಾಬಿ ಗೆರೆಯಂತೆ ಕಾಣುವುದರಿಂದ ಬೈನಾಕ್ಯುಲರ್ ಮರೆಯಬೇಡಿ. ಮುತ್ತುಪೇಟೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೂ ಇದೇ ಸಲ ಸೇರಿಸಿಕೊಳ್ಳಬೇಡಿ, ಅಮ್ಮನವರಿಗೆ ದೋಣಿಯ ಪಯಣ ಆಯಾಸವಾದೀತು.

ಕೋಡಿಯಕ್ಕರೈಯಲ್ಲಿ ಅರಣ್ಯ ಇಲಾಖೆಯ ಪೂನಾರೈ ಇಲ್ಲಂ ಎಂಬ ವಿಶ್ರಾಂತಿಗೃಹವಿದೆ, ಕೊಠಡಿಗಳು ಕಡಿಮೆ. ರಜೆಯ ದಿನಗಳಲ್ಲಿ ಸಿಗದಿದ್ದರೆ ವೇದಾರಣ್ಯದಲ್ಲಿ ತಂಗಿ. ಪ್ರವೇಶದ ಹೊತ್ತು, ಶುಲ್ಕ, ಒಳಗೆ ಯಾವ ದಾರಿ ತೆರೆದಿದೆ ಎಂಬುದನ್ನು ಹಿಂದಿನ ಸಂಜೆಯೇ ಅಲ್ಲಿನ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಮಳೆ ಬಂದ ಮರುದಿನ ಕೆಲವು ಮಣ್ಣು ದಾರಿಗಳಲ್ಲಿ ಕಾರಿನ ಚಕ್ರ ಹೂತುಹೋಗುತ್ತದೆ.